ಕಾಣೆ

ಒಂದು ಬಟಾಣಿ ಅಂದರೆ ಸೈನಿಕರು ತುಂಬಿದ ಬೋಗಿ.
ಬಾರ್ಲಿ ಅಂದರೆ ಕುದುರೆ.
ಫಿರಂಗಿಗೆ ಕಾಫಿಬೀಜ ಇಡು ಅಂದಿದ್ದಳು ಸಿಡೋನಿ.
ಆ ವರ್ಷ ಡೆಂಡರ್ ಹೊಳೆಯ ಈಚೆ ದಡದಲ್ಲಿ
ಯಾರ ಮನೆಯಲ್ಲಿತ್ತು ಕಾಫಿ?
ಅಪ್ಪನ ಕೋಟಿನ ಗುಂಡಿಗಳನ್ನೇ ಕಿತ್ತೆ.

ರಾತ್ರಿಯಿಡೀ ಪರದೆಯ ಸೀಳಿಗೆ ಕಣ್ಣು.
ಹಳಿಯ ಮೇಲೆ ಯುದ್ಧ ಹಾದುಹೋಗುತ್ತಿತ್ತು
ಪಡುವಣಕ್ಕೆ ಹಾಡುತ್ತ, ಮೂಡಣಕ್ಕೆ ನರಳುತ್ತ.
ನನಗೆ ಹದಿನಾರು. ತೂಕಡಿಕೆ ಬಂದರೆ ತುಟಿ ಕಚ್ಚಿಕೊಂಡು
ಬೆಳಗ್ಗೆ ತಟ್ಟೆಯ ಲೆಕ್ಕವನ್ನು
ಅವಳ ಕಿವಿಗೆ ಮುಟ್ಟಿಸುವುದು, ಅಷ್ಟೇ ಕೆಲಸ.

ಅವಳು ಲೇಸ್ ಹೆಣೆಯುವವಳು.
ದಿಂಬಿನ ಮೇಲೆ ನಲವತ್ತು ಮರದ ಕದಿರು, ಗುಂಡುಸೂಜಿಗಳ ಕಾಡು.
ನನ್ನ ಬಟಾಣಿಗಳೆಲ್ಲ ಅಲ್ಲಿ ತೂತುಗಳಾಗಿ
ಹೂವಿನ ಎಸಳಲ್ಲಿ ಅಡಗಿ
ಯಾರದೋ ಮದುವೆಯ ಮುಸುಕಾಗಿ ಗಡಿ ದಾಟುತ್ತಿದ್ದವು.
ಸನ್ಯಾಸಿನಿಯರ ಶಾಲೆಯಲ್ಲಿ ನಮ್ಮದು ಒಂದೇ ಬೆಂಚು.
ನನ್ನ ಗಂಟುಗಂಟು ನೇಯ್ಗೆ ಎತ್ತಿ ಹಿಡಿದು
"ಇದರಲ್ಲಿ ಮೀನು ಬಿದ್ದರೆ ಹೇಳು" ಎಂದು ನಕ್ಕವಳು.

ಜನವರಿಯಲ್ಲಿ ನನ್ನ ಮರದ ಮೆಟ್ಟು ಸೀಳಿತು.
ತನ್ನ ಬೂಟನ್ನೇ ಬಿಚ್ಚಿ ಕೊಟ್ಟಳು,
ಎಡಗಾಲಿನದಕ್ಕೆ ಕೆಂಪು ದಾರದ ಹೊಲಿಗೆ.
"ನಾಳೆ ವಾಪಸು ಕೊಡಬೇಕು, ನೆನಪಿರಲಿ."

ನಾಳೆ ಎಂಬುದು ಜರ್ಮನ್ ಕಚೇರಿಯ ಕೋಣೆಯಾಗಿ ಬಂತು.
ಒಲೆ ಉರಿಯುತ್ತಿತ್ತು. ಎದುರುಬದುರು ನಿಲ್ಲಿಸಿದರು.
ಅವಳ ಕೆನ್ನೆ ಬಾತಿತ್ತು. ಬೆರಳುಗಳನ್ನು ನಾನು ನೋಡಲಿಲ್ಲ,
ನೋಡಬಾರದೆಂದೇ ನೋಡಲಿಲ್ಲ.
"ಇವಳು ಯಾರು?"
ಸಿಡೋನಿ ನನ್ನನ್ನು ತಲೆಯಿಂದ ಅಳೆಯುತ್ತ ಬಂದಳು
ನಿಧಾನ, ಸಂತೆಯ ಕೋಳಿಯನ್ನು ಅಳೆಯುವ ಹಾಗೆ.
ಕಣ್ಣು ಬೂಟಿನ ಮೇಲೆ ನಿಂತಿತು.
ಕೆಂಪು ದಾರ.
"ಕಾಣೆ," ಎಂದಳು,
"ಇಂಥ ದರಿದ್ರ ಬೂಟು ಹಾಕುವವರ ಸಹವಾಸ
ನನಗಿಲ್ಲ, ಸಾಹೇಬರೇ."

ಅಧಿಕಾರಿ ನಕ್ಕ. ಮೂಲೆಯ ಗುಮಾಸ್ತನೂ ನಕ್ಕ.
ನಾನು ಅವಮಾನವಾದವಳಂತೆ ಮುಖ ಊದಿಸಿಕೊಂಡೆ.
ಅವಳಿಗೆ ನನ್ನಿಂದ ಕೊಡಲಾದದ್ದು ಅದೊಂದೇ.

ಮೆಟ್ಟಿಲಿಳಿದೆ, ಅವಳ ಬೂಟಿನಲ್ಲೇ.
ಅವಳು ಬರಿಗಾಲಲ್ಲಿದ್ದಳೆಂದು
ಸೇತುವೆ ದಾಟಿದ ಮೇಲೆ ತಿಳಿಯಿತು.

ಶಾಂತಿ ಬಂತು. ಪುರಸಭೆಯ ಗೋಡೆಗೆ ಪಟ್ಟಿ ಅಂಟಿಸಿದರು,
ಸತ್ತವರದು ಒಂದು ಸಾಲು, ಮರಳಿದವರದು ಇನ್ನೊಂದು.
ಎರಡರ ನಡುವಿನ ಖಾಲಿಯಲ್ಲಿ ಅವಳ ಹೆಸರು,
ಮುಂದೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು
ಅವಳದೇ ಮಾತು:
ಕಾಣೆ.

ಅಟ್ಟೆ ಎರಡು ಸಲ ಬದಲಾಯಿಸಿದ್ದೇನೆ. ದಾರ ಮುಟ್ಟಿಲ್ಲ.
ಕಿರುಬೆರಳಿಗೆ ಈಗಲೂ ಬಿಗಿ.
ರೈಲು ಹಾಯುವಾಗ ಕೈ ತಾನಾಗಿ
ಜೇಬಿನ ಗುಂಡಿ ತಡಕುತ್ತದೆ.