ಹಂಚು ಆರೋದ್ರೊಳಗ

ಅವತ್ತಿನ ಲೆಕ್ಕ ಮುನ್ನೂರಾ ನಲವತ್ತು.
ಖಾನಾವಳಿಗಿ ಇನ್ನೂರು, ಮದಿವಿ ಮನಿಗಿ ನೂರು,
ಉಳದದ್ದು ಆಳಂದ ರಸ್ತಾದಾಗ ಬಸ್ಸು ಕಾಯೋರು ಒಯ್ದ್ರು.
ಒಲಿ ಆರಿಸಿದ್ದೆ. ಹಂಚು ಇನ್ನೂ ಆರಿದ್ದಿಲ್ಲ.

ಒಳಗ ಭಾಗಿ ಕೆಮ್ಮಲಾಕತ್ತಿದ್ಳು,
ನಾಕು ವರ್ಷದ ಎದಿಯೊಳಗ ಯಾರೋ
ಖಾಲಿ ಡಬ್ಬಿ ಉರುಳಿಸಿದಂಗ.
ಭಾಗ್ಯವಂತಿ ಅಂತ ದೇವಿ ಹೆಸರು ಇಟ್ಟೀವಿ.
ಮೂಗಿಗಿ ಅದೆಲ್ಲ ಗೊತ್ತಿಲ್ಲ, ಸುರೀತದ.

ಅಜವಾನ ಒಂದು ಮುಷ್ಟಿ,
ಅವರಪ್ಪನ ಹಳೇ ಧೋತರದ ತುಂಡು.
ಗಂಟು ಕಟ್ಟಿ ಹಂಚಿನ ಮ್ಯಾಲಿಟ್ಟೆ,
ವಾಸನಿ ಎದ್ದು ಮನಿ ತುಂಬ ನಡದಾಡ್ತು.
ಬಿಸಿ ಎಷ್ಟದ ಅಂತ ಅಂಗೈಗಿ ಕೇಳಬಾರದು ನಾನು.
ಹದಿಮೂರು ವರ್ಷ ಹಂಚಿನ ಕೂಡ ಬಾಳೇ ಮಾಡಿದ ಕೈ,
ಅದಕ್ಕ ಕೆಂಡನೂ ತಂಪು.
ಗಲ್ಲ ಖರೇ ಹೇಳ್ತದ.
ಗಲ್ಲಕ್ಕ ಒತ್ತಿ, ಗಾಳಿಗಿ ಹಿಡದು, ಮತ್ತ ಗಲ್ಲಕ್ಕ ಒತ್ತಿ
ಆಮ್ಯಾಲ ಅಕಿ ಎದಿಗಿ ಇಟ್ಟೆ.

ಅಲ್ಲ ಜಜ್ಜಿ, ಬೆಲ್ಲ ಹಾಕಿ ಕುದಿಸಿ ಆರಿಸಿದೆ.
‘ಇದೇನವ್ವ?’
‘ಅಲ್ಲ.’
‘ಅಲ್ಲಾ? ಮತ್ತೇನು?’
‘ಅಲ್ಲನೇ ಅದು.’
‘ಅಲ್ಲ ಅಂದ ಮ್ಯಾಲ ಯಾಕ ಕುಡೀಬೇಕು?’
ಕೆಮ್ಮಿನ ನಡುವ ಇಷ್ಟು ತಕರಾರು ಮಾಡ್ತಾಳಂದ್ರ
ಅಂಜೂದು ಬ್ಯಾಡ ಅಂದ್ಕೊಂಡೆ.
ಮೂರು ಚಮಚ ಅಕಿ ಹೊಟ್ಟಿಗಿ ಹೋಯ್ತು,
ಎರಡು ನನ್ನ ಸೀರಿಗಿ.

ಗ್ವಾಡಿ ಆ ಕಡಿಂದ ಮಹಬೂಬಬೀ ಕೇಳಸ್ಕೊಂಡಿದ್ಳು.
ಜೋಶಾಂದಾ ಸೋಸಿ ಸ್ಟೀಲ್ ಗ್ಲಾಸಿನಾಗ ತಂದ್ಳು,
‘ಏಳು ಮಂದಿನ್ನ ಇದರ ಮ್ಯಾಲೇ ಬೆಳಿಸ್ಯಾನ ನಮ್ಮಪ್ಪ.’
ನನ್ನ ಅಲ್ಲ, ಅಕಿ ಜೋಶಾಂದಾ,
ಎರಡೂ ಒಂದೇ ಸಣ್ಣ ಹೊಟ್ಟಿಗಿ?
ನಾ ಮಾರಿ ನೋಡಿದ್ದಕ್ಕ ಅಕಿಗಿ ತಿಳೀತು.
‘ಒಂದು ಸಾಕು ಬಿಡು’ ಅಂತ ಕಟ್ಟಿ ಮ್ಯಾಲ ಕುಂತು
ತಾನೇ ಕುಡದ್ಳು.
ಅಕಿದೂ ಗಂಟಲು ಕೆಟ್ಟು ಎಂಟು ದಿನ ಆಗಿತ್ತಂತ,
ಮನ್ಯಾಗ ಯಾರೂ ಕೇಳಿದ್ದಿಲ್ಲ.

ಆಶಾ ಕಸ್ತೂರಿಬಾಯಿ ಹೇಳಿದ್ದು ನೆನಪಿತ್ತು:
ಪಕ್ಕೆಲುಬು ಒಳಗ ಜಗ್ಗಿದ್ರ, ಉಸಿರು ಓಡಲಾಕತ್ತಿದ್ರ
ಕಷಾಯ ಚೆಲ್ಲು, ಆಟೋ ಹಿಡಿ.
ಅಂಗಿ ಎತ್ತಿ ಮೊಬೈಲ್ ಬೆಳಕು ಹಿಡದೆ.
ರೊಟ್ಟಿ ಎಣಿಸೋದ್ರಾಗ ಒಂದೂ ತಪ್ಪದಾಕಿಗಿ
ಉಸಿರು ತಪ್ಪತಾವ.
ಮತ್ತ ಒಂದರಿಂದ. ಮತ್ತ ಒಂದರಿಂದ.
ಜಗ್ಗಿದ್ದಿಲ್ಲ.

ಹೆಗಲಿಗಿ ಹಾಕ್ಕೊಂಡು ಬೆನ್ನಿಗಿ ಕೈ ಹಚ್ಚಿದೆ.
‘ಅವ್ವಾ, ಬಡೀಬ್ಯಾಡ.’
‘ಬಡೀಲಾಕತ್ತಿಲ್ಲ ತಾಯಿ, ತಟ್ಟಲಾಕತ್ತೀನಿ.’
ಅಂದೆ, ಖರೇ, ಕೈ ಅಲ್ಲೇ ನಿಂತ್ತು.
ನಮ್ಮ ಕಡಿ ರೊಟ್ಟಿ ಬಡೀತಾರ, ಕೂಸಿಗಿ ತಟ್ಟತಾರ.
ಹಗಲೆಲ್ಲ ಬಡದ ಕೈಗಿ
ಇದು ಹಿಟ್ಟಲ್ಲ ಅಂತ ಹೇಳೋರು ಯಾರು?
ಬೆರಳ ತುದೀಲಿಂದ ಸುರು ಮಾಡ್ದೆ,
ಹೊಸದಾಗಿ ಕಲಿಯಾಕಿಯಂಗ.

ಅವರಪ್ಪ ದಾಲ್ ಮಿಲ್ಲಿಂದ ಬಂದಾಗ ಎರಡು ಹೊಡದಿತ್ತು.
ಹುಬ್ಬಿನ ಮ್ಯಾಲೂ ತೊಗರಿ ಧೂಳು.
ಹ್ಯಾಂಗದಾಳ ಅಂತ ಹೊಸ್ತಿಲದಾಗ ನಿಂತು ಕಣ್ಣಿಲೇ ಕೇಳ್ದ,
ನಾ ಕಣ್ಣಿಲೇ ನಳ ತೋರಿಸಿದೆ.
ಆ ಥಂಡಿಯೊಳಗ ತಣ್ಣೀರು ಮೈಮ್ಯಾಲ ಸುರಕೊಂಡು
ಹಲ್ಲು ಕಡಕೋತ ಒಳಗ ಬಂದ.

ಕೆಮ್ಮು ಯಾವಾಗ ನಿಂತ್ತೋ.
ನಿಂತ ಮ್ಯಾಲ ನನಗ ನಿದ್ದಿ ಬರಲಿಲ್ಲ.
ಸುಮ್ಮಗದಾಳಲ್ಲ ಅಂತ
ಮೂಗಿನ ಕೆಳಗ ಬೆರಳು ಹಿಡದು ಹಿಡದು ನೋಡ್ದೆ.

ಮರುದಿನ ಖಾನಾವಳಿ ವೀರಸಂಗಪ್ಪ ಫೋನ್ ಹಚ್ಚಿದ:
‘ಯಾಕವ್ವ, ಮ್ಯಾಲಿನ ಹತ್ತು ರೊಟ್ಟಿ ದಪ್ಪ ಆಗ್ಯಾವಲ್ಲ?’
ಏನು ಹೇಳ್ಲಿ.
ಮೊದಲಿನ ಹತ್ತು ತಟ್ಟಿಬಿಟ್ಟಿದ್ದೆ.