ಸಬ್ಜೆಕ್ಟ್: ಹಾಲೇಶಪ್ಪ

ಮನಶ್ಶಾಸ್ತ್ರದ ಲ್ಯಾಬಿಗೆ ನಾನು ಅಟೆಂಡರು.
ಬೀಗ ತೆಗೆಯುವುದು, ಸ್ಟಾಪ್‌ವಾಚಿಗೆ ಕೀ ಕೊಡುವುದು,
ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಪೆಟ್ಟಿಗೆ
ಒರೆಸಿಡುವುದು.
ಸಬ್ಜೆಕ್ಟ್ ಸಿಗದ ಹುಡುಗರು ಬಂದು
‘ಹಾಲೇಶಣ್ಣ, ಹತ್ತು ನಿಮಿಷ ಕೂತ್ಕೊಳ್ಳಿ’ ಅಂದರೆ
ಕೂರುವುದು.

ಇಪ್ಪತ್ತಾರು ವರ್ಷ ಕೂತೆ.
ಒಂದು ಬ್ಯಾಚಿಗೆ ನನ್ನ ಬುದ್ಧಿ ಎಪ್ಪತ್ತೆಂಟು,
ಮುಂದಿನದಕ್ಕೆ ನೂರಾ ಮೂವತ್ತು.
ಐದು ಎಂಟು ಎರಡು ಒಂಬತ್ತು, ಹಿಂದಿನಿಂದ ಹೇಳಿ ಅಂದರೆ
ನಿದ್ದೆಯಲ್ಲೂ ಹೇಳಿಯೇನು.
ಶಾಯಿ ಚೆಲ್ಲಿದ ಮೊದಲ ಕಾರ್ಡು ಹಿಡಿದರೆ
‘ಚಿಟ್ಟೆ’ ಅನ್ನುತ್ತಿದ್ದೆ.
ಚಿಟ್ಟೆ ಅಂದರೆ ರೆಕಾರ್ಡು ಬರೆಯುವುದು ಸಲೀಸು.
ಪಾಪ, ಅವರಿಗೂ ಐದೂಕಾಲಿನ ಸಾಗರದ ಬಸ್ಸು.

ಇದನ್ನು ಓದಿ ಏನಾಗುತ್ತೀರಪ್ಪ ಅಂತ ನಾನೂ ಕೇಳುತ್ತಿದ್ದೆ.
ಆ ಪ್ರಶ್ನೆಯ ಮ್ಯಾನ್ಯುಯಲ್ ಯಾವ ಕಪಾಟಿನಲ್ಲೂ ಇರಲಿಲ್ಲ.
ಮಾಲತೇಶ ಸೋಗಾನೆ ಜೈಲಿನಲ್ಲಿದ್ದಾನೆ,
ಹೆದರಬೇಡಿ, ಕೈದಿಗಳ ಕೌನ್ಸೆಲರು.
ದಿವಿಜಾ ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ರಜೆಗಾಗಿ ಅಳುವವರ ಮಾತು ಕೇಳುತ್ತಾಳೆ,
ರಜೆ ಕೊಡುವ ಅಧಿಕಾರವಿಲ್ಲ.
ಪೂರ್ಣೇಶ ಬ್ಯಾಂಕು; ಬಂಗಾರ ಅಡ ಇಟ್ಟವರಲ್ಲಿ
ಬಿಡಿಸಿಕೊಳ್ಳುವವರು ಯಾರು ಅಂತ
ಮುಖ ನೋಡಿಯೇ ಹೇಳುತ್ತಾನಂತೆ.
ಒಬ್ಬ ಗೋಪಿ ಸರ್ಕಲ್ಲಿನಲ್ಲಿ ಮೊಬೈಲ್ ಕವರ್ ಮಾರುತ್ತಾನೆ,
ನನ್ನ ಕಂಡರೆ ರಸ್ತೆ ದಾಟುತ್ತಾನೆ.
ದಾಟಬಾರದಿತ್ತು.

ನಿವೃತ್ತಿಯಾಗಿ ಎಂಟು ತಿಂಗಳು.
ನಿದ್ದೆ ಬರುತ್ತಿಲ್ಲ.
‘ಈಗ ಯಾರೂ ಏನೂ ಕೇಳೋದಿಲ್ಲವಲ್ಲ, ಅದೇ ಇರಬೇಕು’
ಅಂದಳು ಹೆಂಡತಿ, ಹುಣಸೆಹಣ್ಣಿನ ಬೀಜ ಬಿಡಿಸುತ್ತ.

ಮೆಗ್ಗಾನ್ ಆಸ್ಪತ್ರೆ, ಟೋಕನ್ ನಲವತ್ತೊಂದು.
ಮೇಜಿನಾಚೆ ಆನಂದಪುರದ ಸಬೀಹಾ,
ಹನ್ನೊಂದು ವರ್ಷದ ಹಿಂದೆ, ಪರೀಕ್ಷೆಯ ದಿನ
ಸ್ಟಾಪ್‌ವಾಚ್ ಒತ್ತಲು ಮರೆತು
ಲ್ಯಾಬಿನ ಹಿಂದೆ ಅತ್ತವಳು.
ಪ್ರಶ್ನೆಪಟ್ಟಿ ತೆಗೆದಳು. ಮೊದಲನೆಯದು ಮುಗಿಯುವ ಮುಂಚೆ
ಐದರವರೆಗೆ ಉತ್ತರ ಕೊಟ್ಟೆ.
ನಕ್ಕು, ಮಡಿಸಿ, ಡ್ರಾಯರಿಗೆ ಹಾಕಿದಳು.
ಆಮೇಲೆ ಇಬ್ಬರೂ ಸುಮ್ಮನೆ.
ಫ್ಯಾನು ಮಾತ್ರ.

‘ಅದು ಚಿಟ್ಟೆ ಅಲ್ಲಮ್ಮ,’ ಅಂದೆ.
‘ಯಾವತ್ತೂ ಅಲ್ಲ.
ಭದ್ರಾವತಿ ಕಾರ್ಖಾನೆಯಿಂದ ಬಂದ ನಮ್ಮಪ್ಪನ ಅಂಗಿ,
ತಂತಿಯ ಮೇಲೆ, ತೋಳು ಚಾಚಿ.
ಕಿಡಿ ಹಾರಿ ನಡುವೆ ನಾಲ್ಕು ತೂತು.’

ಹೊರಗೆ ನಲವತ್ತೆರಡು ಅಂತ ಕೂಗಿದರು.
ಅವಳು ಎದ್ದು, ಬಾಗಿಲು ಮುಂದೆ ಮಾಡಿ ಬಂದು
ಕೂತಳು.
‘ಹೇಳಿ,’ ಅಂದಳು.
ವಾಚು ಒತ್ತುವುದನ್ನು ಈ ಸಲವೂ ಮರೆತಿದ್ದಳು.