ಗುಡ್ಡ ಬರೀರಿ

ಮೂರನೆಯ ಇಯತ್ತೆ, ಊಟದ ಬೆಲ್ಲಿಗೆ ಇನ್ನೂ ಹೊತ್ತಿತ್ತು.
ಗುಡ್ಡ ಬರೀರಿ ಅಂದೆ.
ಇಪ್ಪತ್ತಾರು ಪಾಟಿಗಳ ಮೇಲೆ
ಎರಡೆರಡು ತ್ರಿಕೋನ, ನಡುವೆ ಅರ್ಧ ಸೂರ್ಯ,
ಈ ಸೀಮೆಯಲ್ಲಿ ಯಾರೂ ನೆಡದ ತೆಂಗಿನ ಮರ.
ಶಹಾಬಾದಿನಿಂದ ಆಚೆ, ಎರಿಹೊಲದ ನಡುವಿನ ಊರು;
ಇಲ್ಲಿ ಎತ್ತರವೆಂದರೆ ನೀರಿನ ಟಾಕಿ,
ದೂರದಲ್ಲಿ ಸಿಮೆಂಟು ಕಾರ್ಖಾನೆಯ ಚಿಮಣಿ.

ನಾನು ಶಹಾಪುರದವಳು.
ನಮ್ಮಲ್ಲಿ ಹೊತ್ತು ಮುಳುಗುವುದಿಲ್ಲ,
ಬಂಡೆಯ ಹಿಂದೆ ಹೋಗಿ ಕೂರುತ್ತದೆ;
ಐದಕ್ಕೇ ಅಂಗಳದ ತುಂಬ ನೆರಳು.
ಕರೆದ ಹೆಸರು ಕರೆದವರಿಗೇ ವಾಪಸು ಬರುತ್ತದೆ,
ಅವ್ವ ಒಮ್ಮೆ ಬೈದರೆ ಎರಡು ಸಲ ಬೈಸಿಕೊಳ್ಳಬೇಕು.

ಇಲ್ಲಿಗೆ ಬಂದ ಹೊಸತರಲ್ಲಿ
ಶಾಲೆಯ ಹಿಂದೆ ನಿಂತು, ಯಾರಿಲ್ಲದಾಗ, ಕೂಗಿ ನೋಡಿದೆ.
ಕೂಗು ಹೋಯಿತು.
ಚಿತ್ತಾಪುರದ ತನಕ ಹೋಗಿರಬೇಕು.
ತಡೆದು, ಯಾರ ಪೈಕಿಯವಳೇ ನೀ, ಎಂದು ಕೇಳುವವರಿಲ್ಲ.
ಬಸ್ಸು ಕೂಡ ಕಾಲು ತಾಸು ಮೊದಲೇ ಕಾಣುತ್ತದೆ:
ಧೂಳು, ಆಮೇಲೆ ಟಪ್ಪು, ಆಮೇಲೆ ಕಂಡಕ್ಟರನ ತೋಳು.
ಗುಟ್ಟೇ ಇರದ ನೆಲ ಎಂದುಕೊಂಡಿದ್ದೆ.

ಕೊನೆಯ ಸಾಲಿನಲ್ಲಿ ಖುತೇಜಾ.
ಅವಳದೂ ತ್ರಿಕೋನವೇ, ತುದಿ ಮಾತ್ರ ಕೆಳಗೆ.
ಎರಡೂ ಮಗ್ಗುಲಿಗೆ ಮೆಟ್ಟಿಲು ಮೆಟ್ಟಿಲು ಗೆರೆ,
ತಳದಲ್ಲಿ ಒಂದಿಷ್ಟು ನೀರು, ಒಬ್ಬ ಕಡ್ಡಿಯಂಥ ಮನುಷ್ಯ.
ತಿರುವುಮುರುವು ಹಿಡಿದಿದ್ದೇನೆ ಎಂದು ಪಾಟಿ ಹೊರಳಿಸಿದೆ,
ಮನುಷ್ಯ ತಲೆಕೆಳಗಾಗಿ ಜೋತುಬಿದ್ದ.
"ಹಂಗಲ್ರಿ ಟೀಚರ್,"
ಪಾಟಿ ಕಸಿದು ಅವಳೇ ನೆಟ್ಟಗೆ ಮಾಡಿದಳು.
"ನಮ್ಮ ಗುಡ್ಡ ಕೆಳಗ ಅದರಿ.
ಅಬ್ಬಾ ಮುಂಜಾನೆ ಇಳೀತಾನ, ಸಂಜಿಗಿ ಏರ್ತಾನ."

ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ಅವಳ ಹಿಂದೆ ಹೋದೆ.
ತೊಗರಿಯ ಸಾಲು ಮಾತು ಮರೆತವರ ಹಾಗೆ
ಒಮ್ಮೆಲೇ ನಿಂತುಬಿಟ್ಟಿತು.
ಅದರಾಚೆ ಖಣಿ.
ಬುಟ್ಟಿಯಲ್ಲಿ ಒಟ್ಟಿದ ಕಟಕ ರೊಟ್ಟಿ, ಕಲ್ಲಿನ ಮೇಲೆ ಕಲ್ಲು,
ಮೇಲಕ್ಕೆ ಹಳದಿ, ನಡುವೆ ಬೂದಿ, ಇನ್ನೂ ಕೆಳಗೆ ನೀಲಿ.
ಸಂದಿಗೆ ಉಳಿಯಿಟ್ಟು ತಟ್ಟಿದರೆ
ಒಂದು ಪದರ ಇನ್ನೊಂದನ್ನು ಬಿಟ್ಟುಕೊಡುತ್ತದೆ.
ನಮ್ಮ ಬಂಡೆ ಹೀಗಲ್ಲ. ಅದಕ್ಕೆ ಪದರವಿಲ್ಲ.
ಮದ್ದಿಟ್ಟರೆ ಸಿಡಿದೀತು, ಬಿಚ್ಚಿಕೊಳ್ಳುವುದಿಲ್ಲ.

ಆಗ ನೆನಪಾಯಿತು,
ನಮ್ಮ ಅಡುಗೆಮನೆಗೆ ಹಾಸಿದ್ದು ಇದೇ ಪರಸಿ.
ಬಂಡೆಗಳೆಲ್ಲ ನಡುರಾತ್ರಿವರೆಗೆ ಝಳ ಉಗುಳುತ್ತಿದ್ದಾಗ
ಶಹಾಪುರದ ಗುಡ್ಡದ ಬುಡದಲ್ಲಿ
ಹದಿನೆಂಟು ಬೇಸಗಿ ನಾನು ಬೆನ್ನು ತಣ್ಣಗೆ ಮಾಡಿಕೊಂಡದ್ದು
ಇವರ ಗುಡ್ಡದ ಮೇಲೆ.

ಖುತೇಜಾ ಅಂಚಿಗೆ ಕುಕ್ಕರಗಾಲಲ್ಲಿ ಕೂತು
"ಅಬ್ಬಾ" ಎಂದು ಕೂಗಿದಳು.
ಮೊದಲು ಕಲ್ಲು ಓಗೊಟ್ಟಿತು,
ಆಮೇಲೆ ಅವನು.

ಸೋಮವಾರ ಅಂಕ ಹಾಕೋಣವೆಂದು ಪಾಟಿ ಕೇಳಿದೆ.
ಅಷ್ಟರಲ್ಲೇ ಉಗುಳು ಹಚ್ಚಿ ಒರೆಸಿ
ಏಳರ ಮಗ್ಗಿ ಬರೆದಿದ್ದಳು.
ಏಳೇಳಲಿ ನಲವತ್ತೆಂಟು.
ತಿದ್ದಿದೆ.